ನಾನು ಮರೆಯದ ಪಾಸ್‌ವರ್ಡ್

ಪಾಸ್‌ವರ್ಡ್ ನನಗೆ ನೆನಪಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಒಮ್ಮೆ ನನ್ನ ಬಿಳಿ ಕೂದಲು ನೋಡುತ್ತಾರೆ, ಆಮೇಲೆ "ಇರಲಿ ಬಿಡ್ರಿ, ವಯಸ್ಸಾತು" ಎನ್ನುವಂತೆ ತಲೆ ಆಡಿಸುತ್ತಾರೆ. ಅದು ಒಂಬತ್ತು ಪದಗಳ ಒಂದು ಕನ್ನಡ ವಾಕ್ಯ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಕ್ಷರ ತಪ್ಪದೆ ಬರುತ್ತದೆ. ಇಲ್ಲಿ ಮಾತ್ರ ಬರೆಯುವುದಿಲ್ಲ. ಅದು ತೆರೆಯಬೇಕಾದ ಪೆಟ್ಟಿಗೆ ಇನ್ನೂ ನನ್ನ ಬಳಿಯೇ ಇದೆ, ಅದರೊಳಗೆ ನಲವತ್ತೊಂದು ಜನರ ಗುಟ್ಟುಗಳಿವೆ.

ನಾನು ಹುನಗುಂದದಲ್ಲಿ ವಕೀಲಿ ಮಾಡುತ್ತೇನೆ. ಚೇಂಬರಿಗೆ ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಜೀವನಾಂಶ, ವಿಚ್ಛೇದನದ ಸೋಡಚೀಟಿ, ಮಕ್ಕಳು ಯಾರ ಹತ್ತಿರ ಇರಬೇಕು ಎನ್ನುವ ಜಗಳ. ಒಮ್ಮೆ ಆಫೀಸಿನ ಕಂಪ್ಯೂಟರ್ ಕೆಟ್ಟು ರಿಪೇರಿಗೆ ಹೋಗಿತ್ತು. ಮೂರು ದಿನಕ್ಕೆ ವಾಪಸು ಬಂತು, ನೀಟಾಗಿ ಧೂಳು ಒರೆಸಿಕೊಂಡು. ಮುಂದಿನ ವಾರ ಒಂದು ರಾಜಿ ಮಾತುಕತೆಯಲ್ಲಿ ಎದುರು ಪಕ್ಷದ ಹಿರಿಯನೊಬ್ಬ, ನನ್ನ ಕಕ್ಷಿದಾರಳು ನನಗೊಬ್ಬಳಿಗೇ ಹೇಳಿ ಟೈಪ್ ಮಾಡಿಸಿದ್ದ ಮಾತುಗಳನ್ನು ಎಲೆ ಅಡಿಕೆ ಅಗಿಯುತ್ತ ಸಾಲುಸಾಲಾಗಿ ಒಪ್ಪಿಸಿದ. ಅವಳು ನನ್ನ ಮುಖ ನೋಡಿದಳು. ಮರುದಿನ ಬಂದು ತನ್ನ ಕಾಗದಪತ್ರಗಳನ್ನೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ತುಂಬಿಕೊಂಡು ಹೊರಟುಹೋದಳು.

ನಮ್ಮ ಊರುಗಳಲ್ಲಿ ಪ್ರತಿಯೊಬ್ಬರೂ ಯಾರಿಗೋ ಬೀಗರು. ಕಂಪ್ಯೂಟರ್ ರಿಪೇರಿ ಮಾಡುವವನಿಗೂ ಒಂದು ಅತ್ತೆಯ ಮನೆ ಇರುತ್ತದೆ. ಇದು ನನಗೆ ಹೊಳೆಯಬೇಕಿತ್ತು. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರ್ ಪ್ರತಿದಿನ ಹೇಳುತ್ತಿದ್ದರು, "ಗರ್ಲ್ಸ್, ಪ್ರೈವೇಟ್ ಥಿಂಗ್ಸ್ ಮಸ್ಟ್ ಬಿ ಕೆಪ್ಟ್ ಪ್ರೈವೇಟ್" ಎಂದು. ಆದರೆ ಅವರು ಹೇಳುತ್ತಿದ್ದದ್ದು ಒಗೆದು ಹಾಕಿದ ಪೆಟಿಕೋಟುಗಳ ಬಗ್ಗೆ.

ಅಂದು ಎರಡು ರೂಲ್ ಮಾಡಿದೆ. ಒಂದು, ಈ ಆಫೀಸಿನಿಂದ ಹಳೆಯ ಹಾರ್ಡ್ ಡಿಸ್ಕ್ ಹೊರಗೆ ಹೋಗುವುದಾದರೆ ಒಡೆದು ಚೂರಾಗಿಯೇ ಹೋಗಬೇಕು. ಎರಡನೆಯದು ನನ್ನ ಜೂನಿಯರ್ ಕಲಿಸಿದ್ದು. ಅವಳು ಕೆರೂರಿನ ಹುಡುಗಿ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಾಳೆ, ಮಾತು ಚುರುಕು.

"ಮೇಡಂ, ಟ್ರೆಜರಿಗೆ ಕೀಲಿ ಹಾಕ್ತೀರಿ, ಬಾಗಲಕ್ಕ ಕೀಲಿ ಹಾಕ್ತೀರಿ. ಒಳಗಿನ ಫೈಲ್ ಮಾತ್ರ ಬಾ ಅಂತ ಕರ್ಯಾಕತ್ತಾವ. ಎನ್‌ಕ್ರಿಪ್ಟ್ ಮಾಡೋಣ್ರಿ."

ಒಂದು ಶನಿವಾರ ಕೂತು ಮಾಡಿದೆವು. ಡಿಸ್ಕಿನಲ್ಲಿ ಒಂದು ದೊಡ್ಡ ಫೈಲು ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ಬರೀ ಅರ್ಥವಿಲ್ಲದ ಕಸ. ಪಾಸ್‌ವರ್ಡ್ ಕೊಟ್ಟರೆ ಅದೇ ಫೈಲು ಹೊಸ ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ, ಒಳಗೆ ನಮ್ಮ ಫೋಲ್ಡರುಗಳು. ಮುಚ್ಚಿದರೆ ಮತ್ತೆ ಕಸ. ಅದನ್ನು ತಯಾರಿಸುವಾಗ ಕಂಪ್ಯೂಟರು, ಮೌಸನ್ನು ಸುಮ್ಮನೆ ಹೇಗೆಂದರೆ ಹಾಗೆ ಆಡಿಸಿ ಎಂದು ಕೇಳಿತು. ಎಷ್ಟು ಗೊತ್ತುಗುರಿಯಿಲ್ಲದೆ ಆಡಿಸಿದರೆ ಬೀಗ ಅಷ್ಟು ಗಟ್ಟಿಯಂತೆ. ಐ ಮಸ್ಟ್ ಸೇ, ಇಷ್ಟು ಸುಲಭವಾದ ಕೆಲಸವನ್ನು ನನಗೆ ಯಾವ ಯಂತ್ರವೂ ಹೇಳಿರಲಿಲ್ಲ. ಜೂನಿಯರ್ ಇದನ್ನು "ಪೆಟ್ಟಿಗಿ" ಎಂದು ಕರೆದಳು, ಅದೇ ಹೆಸರು ಉಳಿಯಿತು. ಪ್ರತಿ ಶನಿವಾರ ಮುಚ್ಚಿದ ಪೆಟ್ಟಿಗೆಯ ಒಂದು ಕಾಪಿಯನ್ನು ಹೊರಗಿನ ಡಿಸ್ಕಿಗೆ ಹಾಕಿ ಕಬ್ಬಿಣದ ಟ್ರೆಜರಿಯಲ್ಲಿ ಇಡುವುದು ಎಂದಾಯಿತು.

"ಪಾಸ್‌ವರ್ಡ್ ಉದ್ದ ಇರಲ್ರಿ ಮೇಡಂ. ಹೆಸರು, ಹುಟ್ಟಿದ ತಾರೀಕು, ಮೊಮ್ಮಕ್ಕಳ ಹೆಸರು ಯಾವೂ ಬ್ಯಾಡ. ಒಂದು ಕಡೆ ಬರದು ಸೀಲ್ ಮಾಡಿ ಇಡೋಣ."

"ಬರೆದರೆ ಅದು ಪಾಸ್‌ವರ್ಡ್ ಹ್ಯಾಂಗಾತು? ನನ್ನ ತಲಿಯಾಗ ಇರತೈತಿ" ಎಂದೆ. ಅಷ್ಟು ಜಂಬ ಬೇಡವಾಗಿತ್ತು.

ವಾಕ್ಯವನ್ನು ಕನ್ನಡದಲ್ಲಿ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದವಳ ಕೊರಳಿಗೆ ಒಂದು ಮರದ ಬಿಲ್ಲೆ ಕಟ್ಟುತ್ತಿದ್ದರು. ಇನ್ನೊಬ್ಬಳು ಸಿಕ್ಕಿಬೀಳುವ ತನಕ ಅದು ಅವಳ ಕೊರಳಲ್ಲೇ. ಆದ್ದರಿಂದ ನಮಗೆ ಗುಟ್ಟು ಎಂದರೆ ಕನ್ನಡ. ಮನೆ ನೆನಪಾದಾಗ ಚಾದರದೊಳಗೆ ಪಿಸುಗುಟ್ಟುತ್ತಿದ್ದದ್ದು ಕನ್ನಡ. ನಾನು ಆರಿಸಿದ್ದು ನನ್ನ ಅವ್ವ ತಲೆ ಬಾಚುವಾಗ ನನಗಷ್ಟೇ ಹೇಳುತ್ತಿದ್ದ ಮಾತು. ಅವಳು ಹೋಗಿ ಎಷ್ಟೋ ವರ್ಷವಾಯಿತು. ಜಗತ್ತಿನಲ್ಲಿ ಆ ಮಾತು ಗೊತ್ತಿದ್ದವಳು ಆಗ ನಾನೊಬ್ಬಳೇ.

ನಾನು ಟೈಪ್ ಮಾಡಲು ಕೈ ಎತ್ತಿದೊಡನೆ ಜೂನಿಯರ್ ಮುಖವನ್ನು ಗೋಡೆಯತ್ತ ತಿರುಗಿಸಿದಳು. ನಮ್ಮ ಕಡೆ ಹಿರಿಯರು ಟ್ರೆಜರಿ ತೆಗೆಯುವಾಗ ಕಿರಿಯರು ಹೀಗೆಯೇ ಮುಖ ತಿರುಗಿಸುವುದು, ಯಾರೂ ಕಲಿಸಬೇಕಾಗಿಲ್ಲ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಚಾಲೂ ಇರುತ್ತಿತ್ತು, ಕ್ಲರ್ಕು ಅದರಲ್ಲೇ ಅರ್ಜಿ ಹೊಡೆಯುತ್ತಿದ್ದ. ನಾನೂ ಹಾಗೆಯೇ ಹೊಡೆದೆ. ಪರದೆಯ ಮೇಲೆ ಬರೀ ಕಪ್ಪು ಚುಕ್ಕೆಗಳು. ಎರಡನೆಯ ಸಲ ಹೊಡೆದೆ, ಒಪ್ಪಿಕೊಂಡಿತು. ಮುಂದೆ ದಿನಾ ಬೆಳಿಗ್ಗೆ ನಾನು ಹೊಡೆಯುವುದು, ಅವಳು ಗೋಡೆ ನೋಡುವುದು, ಪೆಟ್ಟಿಗೆ ತೆರೆಯುವುದು. ನನ್ನ ಬೆರಳುಗಳಿಂದ ಆ ಚುಕ್ಕೆಗಳ ಹಿಂದೆ ನಿಜವಾಗಿ ಏನು ಹೋಗಿ ಕೂಡುತ್ತಿದೆ ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಇಳಕಲ್ಲಿನ ಒಬ್ಬ ಹೆಣ್ಣುಮಗಳು ಬಂದದ್ದು ಇದಾಗಿ ಸುಮಾರು ಒಂದು ವರ್ಷಕ್ಕೆ. ಮನೆಯಲ್ಲಿ ಕೂತು ಸೀರೆಗೆ ಫಾಲ್ ಪಿಕೋ ಮಾಡುವವಳು. ಆರು ವರ್ಷದ ಮಗಳಿದ್ದಳು. ಅಳಲಿಲ್ಲ, ಗೋಳಾಡಲಿಲ್ಲ. ಫೋನು ನನ್ನ ಟೇಬಲ್ಲಿನ ಮೇಲಿಟ್ಟಳು.

"ಮೂರು ರಿಕಾರ್ಡಿಂಗ್ ಅದಾವ್ರಿ ಬಾಯಾರ. ಮಷೀನ್ ಕೆಳಗ ಇಟ್ಟು ಮಾಡೇನಿ. ಸಂಜಿ ಮುಂದ ಮೈದುನ ಬಂದು ಫೋನ್ ತಗದು ತಗದು ನೋಡ್ತಾನ್ರಿ. ಲಗೂನ ತಗೊಂಡ್ಬಿಡ್ರಿ."

ಕೇಬಲ್ ಹಚ್ಚಿ ಪೆಟ್ಟಿಗೆಯೊಳಗೆ ಇಳಿಸಿಕೊಂಡೆವು. ಹೆಡ್‌ಫೋನು ಹಾಕಿ ನಾನು ಮೂರನ್ನೂ ಕೇಳಿದೆ. ಮೊದಲೆರಡರಲ್ಲಿ ಬೈಗುಳ, ಪಾತ್ರೆಯ ಸದ್ದು. ಮೂರನೆಯದು ಬೇರೆ. ಅದರಲ್ಲಿ ಗಂಡ ತಣ್ಣಗೆ, ಒಂದು ವ್ಯವಹಾರ ಹೇಳುವವನ ಹಾಗೆ, ಮಗಳನ್ನು ಇಲ್ಲಿಯೇ ಬಿಟ್ಟು ಅವಳೊಬ್ಬಳು ಹೋಗಬೇಕು, ತಾನಾಗಿ ಬಿಟ್ಟು ಹೋದಳು ಎಂದು ತಾವು ಊರಿಗೆಲ್ಲ ಹೇಳುವುದಾಗಿ ಹೇಳುತ್ತಿದ್ದ. ಹಿಂದಿನಿಂದ ಮಗು ಏನೋ ಕೇಳುತ್ತಿತ್ತು, ಅವನು ಅದಕ್ಕೆ "ಬಂದ್ನವ್ವಾ" ಎಂದು ಪ್ರೀತಿಯಿಂದಲೇ ಉತ್ತರ ಕೊಟ್ಟ. ನನ್ನ ವೃತ್ತಿಯಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಕೈಗೆ ಸಿಕ್ಕಿದ್ದು ಕಡಿಮೆ.

ಹೊಸ ಸಾಕ್ಷ್ಯ ಕಾಯ್ದೆಯ ಪ್ರಕಾರ ಇಂಥ ಫೈಲಿನ ಜೊತೆಗೆ ಒಂದು ಸರ್ಟಿಫಿಕೇಟು ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರು ಬರೆಯಬೇಕು. ಅದು ಫೈಲಿನ ಹೆಬ್ಬೆಟ್ಟು ಇದ್ದಂತೆ, ಅರವತ್ನಾಲ್ಕು ಅಕ್ಷರ. ಒಳಗೆ ಒಂದು ಉಸಿರು ಬದಲಾದರೂ ಹೆಬ್ಬೆಟ್ಟು ಬದಲಾಗುತ್ತದೆ. ಜೂನಿಯರ್ ಅದನ್ನು ತೆಗೆದು ಪ್ರಿಂಟ್ ಮಾಡಿ ಸಹಿ ಹಾಕಿಸಿದಳು. ರಿಕಾರ್ಡಿಂಗ್ ಅವಳು ಕೇಳಲಿಲ್ಲ. ಅಗತ್ಯವಿಲ್ಲದ್ದನ್ನು ಕೇಳಬಾರದು ಎಂದು ನಾನೇ ಕಲಿಸಿದ್ದೆ.

ಆಮೇಲೆ ನಾನೊಂದು ಮಾತು ಹೇಳಿದೆ. ಅದನ್ನು ಎಷ್ಟು ಸಲ ವಾಪಸು ತೆಗೆದುಕೊಂಡಿದ್ದೇನೋ, ಮನಸ್ಸಿನಲ್ಲಿ.

"ಫೋನಿನಾಗಿಂದು ಅಳಿಸಿಬಿಡು ತಂಗಿ. ಅವರ ಕಣ್ಣಿಗೆ ಬಿದ್ದರ ನಿನಗ ತ್ರಾಸು. ನಮ್ಮ ಕಡೆ ಸೇಫ್ ಅದಾವ."

ಅವಳು ನನ್ನೆದುರೇ ಅಳಿಸಿದಳು.

ಬೇಸಿಗೆ ರಜೆ ಬಂತು. ಕೋರ್ಟು ತೆರೆದ ಮೇಲೆ ಅರ್ಜಿ ಹಾಕುವುದೆಂದು ಇಟ್ಟಿದ್ದೆವು. ನಾನು ಬೆಳಗಾವಿಗೆ ತಂಗಿಯ ಮನೆಗೆ ಹೋದೆ. ಹೋಗುವಾಗ ಕ್ಲರ್ಕಿಗೆ, ಕಂಪ್ಯೂಟರ್ ಭಾಳ ನಿಧಾನ ಆಗಿದೆ, ಏನಾದರೂ ಮಾಡಿಸಿಡು ಎಂದಿದ್ದೆ. ಅವನು ನನ್ನ ಜೊತೆಗೆ ಬಹಳ ವರ್ಷಗಳಿಂದ ಇರುವವನು. ಒಂದು ಕೆಲಸ ಹೇಳಿದರೆ ಒಂದೂವರೆ ಮಾಡುತ್ತಾನೆ. ಹೊಸ ಕಂಪ್ಯೂಟರ್ ತರಿಸಿದ. ಹಳೆಯ ಕನ್ನಡ ಸಾಫ್ಟ್‌ವೇರಿನ ಅಕ್ಷರಗಳು ಕೋರ್ಟಿನ ಇ-ಫೈಲಿಂಗಿನಲ್ಲಿ ಕಸವಾಗಿ ಕಾಣುತ್ತಿದ್ದವು ಎಂದು ಯೂನಿಕೋಡಿನ ಹೊಸ ಸಾಫ್ಟ್‌ವೇರ್ ಹಾಕಿಸಿದ. ಎಲ್ಲ ಫೈಲುಗಳನ್ನೂ ಪೆಟ್ಟಿಗೆಯ ಸಮೇತ ಜೋಪಾನವಾಗಿ ಹೊಸದಕ್ಕೆ ದಾಟಿಸಿದ. ಆಮೇಲೆ ನನ್ನ ರೂಲ್ ನೆನಪಿಟ್ಟುಕೊಂಡು, ಹಳೆಯ ಡಿಸ್ಕನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದ. ನಾನು ಬಂದ ದಿನ ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ತೋರಿಸಿದ.

"ನೋಡ್ರಿ ಬಾಯಾರ, ಇನ್ನ ಬ್ರಹ್ಮ ಬಂದ್ರೂ ಇದ್ರಾಗಿಂದು ಓದಾಕ ಆಗಂಗಿಲ್ಲ."

"ವೆರಿ ಗುಡ್" ಎಂದೆ. ನಿಜವಾಗಿಯೂ ಅಂದೆ.

ಅದೇ ವಾರ ಇಳಕಲ್ಲಿನವಳು ತವರಿನವರ ಫೋನಿನಿಂದ ಕರೆ ಮಾಡಿದಳು. ರಜೆಯಲ್ಲಿ ಅವಳನ್ನು ಹೊರಗೆ ಹಾಕಿದ್ದರು. ತವರೂರು ಬೇವೂರಿನಲ್ಲಿದ್ದಳು, ಮಗಳು ಇಳಕಲ್ಲಿನಲ್ಲಿ. ಗಂಡ ಬಾಗಲಕೋಟೆಯ ಕೋರ್ಟಿನಲ್ಲಿ ತಾನೇ ಮೊದಲು ಅರ್ಜಿ ಹಾಕಿದ್ದ: ಹೆಂಡತಿ ಸ್ವಂತ ಇಚ್ಛೆಯಿಂದ ಮಗುವನ್ನು ತೊರೆದು ಹೋಗಿದ್ದಾಳೆ, ಮಗು ನನ್ನ ವಶದಲ್ಲೇ ಇರಲಿ ಎಂದು. ರಿಕಾರ್ಡಿಂಗಿನಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ವಿಚಾರಣೆಗೆ ಹದಿನಾರು ದಿನ ಇತ್ತು.

"ಚಿಂತಿ ಮಾಡಬ್ಯಾಡ. ನಮ್ಮ ಕಡೆ ಅವನ ಬಾಯಿಮಾತ ಐತಿ" ಎಂದೆ. ಫೋನಿಟ್ಟು ಪೆಟ್ಟಿಗೆ ತೆರೆಯಲು ಕೂತೆ.

ತೆರೆಯಲಿಲ್ಲ.

ಮತ್ತೆ ಹೊಡೆದೆ. ಕನ್ನಡಕ ಒರೆಸಿಕೊಂಡು ಹೊಡೆದೆ. ಒಂದೊಂದೇ ಕೀಲಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹೊಡೆದೆ. ಟ್ರೆಜರಿಯಲ್ಲಿದ್ದ ಕಾಪಿ ತೆಗೆದೆವು. ಅದೂ ಅದೇ ಬೀಗದ ಅದೇ ಪೆಟ್ಟಿಗೆ, ಅದೂ ತೆರೆಯಲಿಲ್ಲ. ಜೂನಿಯರ್ ಗೋಡೆ ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಅಂದಳು:

"ಮೇಡಂ, ಸಿಟ್ಟಾಗಬ್ಯಾಡ್ರಿ. ಒಂದ್ ಪದ ಹಿಂದ ಮುಂದ ಆಗಿರಬಹುದೇನ್ರಿ? ರಜಾದಾಗ ತಿಂಗಳ ತನಕ ಹೊಡದಿಲ್ಲಲ್ರಿ."

"ನಮ್ಮವ್ವ ಹೇಳಿದ ಮಾತು ಅದು."

"ಹೌದ್ರಿ. ಆದ್ರೂ..."

ಆ "ಆದ್ರೂ" ಎನ್ನುವುದನ್ನು ನಾನು ನಾಲ್ಕು ದಿನ ಹೊತ್ತುಕೊಂಡು ತಿರುಗಿದೆ. ಕ್ಲರ್ಕು ದೇವರ ಮುಂದೆ ದೀಪ ಹಚ್ಚಿ ಬಂದ, ಅವನ ಹೆಂಡತಿ ನೆನಪಿಗೆ ಒಳ್ಳೆಯದೆಂದು ಒಂದೆಲಗದ ಚಟ್ನಿ ಕಳಿಸಿದಳು. ತಿಂದೆ ಕೂಡ. ನನಗೇ ನನ್ನ ಮೇಲೆ ಸಂಶಯ ಬಂತು. ಹಳೆಯ ಸಂಗತಿಗಳನ್ನು ಒಂದೊಂದೇ ಪರೀಕ್ಷೆ ಮಾಡಿಕೊಂಡೆ: ಹಾಸ್ಟೆಲಿನ ರೋಲ್ ನಂಬರು, ಅವ್ವನ ಸೀರೆಯ ಅಂಚು, ಮೊದಲನೆಯ ಕೇಸಿನ ಪಕ್ಷಗಾರರ ಹೆಸರು. ಎಲ್ಲ ಇದ್ದವು. ವಾಕ್ಯವೂ ಇತ್ತು. ಆದರೆ ಬೀಗ ಇಲ್ಲ ಎನ್ನುತ್ತಿತ್ತು.

ಐದನೆಯ ದಿನ ಜೂನಿಯರ್ ಊಟದ ಡಬ್ಬಿ ಅರ್ಧಕ್ಕೆ ಬಿಟ್ಟು ಎದ್ದು ಬಂದಳು.

"ಮೇಡಂ, ಒಂದ್ ಕೇಳಲೇನ್ರಿ? ಆ ಮಾತು ಕನ್ನಡದ್ದೋ ಇಂಗ್ಲಿಷಿಂದೋ? ಮಾತ್ ಹೇಳಬ್ಯಾಡ್ರಿ, ಭಾಷಾ ಅಷ್ಟ ಹೇಳ್ರಿ."

"ಕನ್ನಡ."

"ಕನ್ನಡ ಟೈಪಿಂಗ್ ಆನ್ ಇಟ್ಟು ಹೊಡದಿದ್ರೇನ್ರಿ?"

"ಮತ್ತ ಹ್ಯಾಂಗ ಹೊಡೀಬೇಕು?"

ಅವಳು ತಲೆಯ ಮೇಲೆ ಕೈ ಇಟ್ಟುಕೊಂಡು ಕ್ಲರ್ಕಿನ ಸ್ಟೂಲಿನ ಮೇಲೆ ಕೂತಳು. ಆಮೇಲೆ ವಿವರಿಸಿದಳು. ಹಳೆಯ ಸಾಫ್ಟ್‌ವೇರ್ ಕನ್ನಡದ ಅಕ್ಷರವನ್ನು ಅಕ್ಷರವಾಗಿ ಕಳಿಸುತ್ತಿರಲಿಲ್ಲ. ಚೂರುಚೂರು ಮಾಡಿ, ತಲೆಕಟ್ಟು ಒಂದು, ಒತ್ತು ಒಂದು, ದೀರ್ಘ ಒಂದು ಎಂದು ಯಾವುದೋ ಚಿಹ್ನೆಗಳಾಗಿ ಕಳಿಸುತ್ತಿತ್ತು. ನಾವು ನೋಡುವಾಗ ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಪೆಟ್ಟಿಗೆಗೆ ಹೋದದ್ದು ಆ ಚಿಹ್ನೆಗಳು. ಹೊಸ ಸಾಫ್ಟ್‌ವೇರಿನಲ್ಲಿ ಅದೇ ಬೆರಳು, ಅದೇ ಕೀಲಿ, ಅದೇ ಮಾತು; ಆದರೆ ಒಳಗೆ ಹೋಗುವುದು ಪೂರಾ ಬೇರೆ.

"ನೀವು ಮರ್ತಿಲ್ರಿ ಮೇಡಂ" ಎಂದಳು. "ತಪ್ ನಂದು. ನಾ ಅವತ್ತ ಗ್ವಾಡಿ ಬದಲಿ ಕೀಬೋರ್ಡ್ ನೋಡಬೇಕಾಗಿತ್ತು."

ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ನೆನಪು ಸರಿಯಿತ್ತು ಎನ್ನುವ ಸಂತೋಷ. ಹೌ ಸೆಲ್ಫಿಶ್! ಆ ಒಂದು ಗಳಿಗೆ ಬೇವೂರಿನಲ್ಲಿ ಕೂತಿದ್ದವಳು ನನಗೆ ನೆನಪೇ ಆಗಲಿಲ್ಲ.

ಹಳೆಯ ಸಾಫ್ಟ್‌ವೇರ್ ಸಿಕ್ಕರೆ ಸಾಕಿತ್ತು. ಯಾವ ವರ್ಷನ್ ಎಂದು ಯಾರಿಗೂ ಗೊತ್ತಿರಲಿಲ್ಲ; ಗೊತ್ತಿದ್ದ ಡಿಸ್ಕು ಪ್ಲಾಸ್ಟಿಕ್ ಚೀಲದಲ್ಲಿ ಚೂರಾಗಿತ್ತು. ಕ್ಲರ್ಕಿಗೆ ಆ ದಿನವೆಲ್ಲ ಊಟ ಸೇರಲಿಲ್ಲ. "ನೀ ನನ್ನ ಮಾತ ಕೇಳಿದಿ, ಅಷ್ಟ. ನಿಂದೇನೂ ಇಲ್ಲ" ಎಂದೆ. ಅದರಿಂದ ಅವನ ಮನಸ್ಸಿಗೆ ಇನ್ನೂ ನೋವಾಯಿತು.

ಇಳಕಲ್ಲಿನಲ್ಲಿ ಮದುವೆ ಕಾರ್ಡು ಮಾಡುವ ಒಂದು ಡಿಟಿಪಿ ಅಂಗಡಿಯಿದೆ. ಅಲ್ಲಿ ಹಳೆಯ ಕಂಪ್ಯೂಟರೂ ಹಳೆಯ ಸಿಡಿಗಳೂ ಇವೆ ಎಂದು ಕ್ಲರ್ಕೇ ಪತ್ತೆ ಹಚ್ಚಿದ. ಟ್ರೆಜರಿಯಲ್ಲಿದ್ದ ಕಾಪಿಯ ಡಿಸ್ಕನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಬಾಗಿಲು ಎಳೆದಾಗ ನಮ್ಮನ್ನು ಒಳಗೆ ಬಿಟ್ಟು, "ನಿಮ್ಮ ಗುಟ್ಟು ನಮಗ್ಯಾಕ್ರಿ, ನಮ್ಮವು ನಮಗ ಸಾಕಾಗ್ಯಾವ" ಎಂದು ಹೊರಗೆ ಹೋಗಿ ಕೂತರು. ಮೂರು ಸಿಡಿ ಇದ್ದವು. ಒಂದು ಓದಲಿಲ್ಲ, ಗೀರು ಬಿದ್ದಿತ್ತು. ಉಳಿದ ಎರಡನ್ನು ಹಾಕಿ, ಹತ್ತಾರು ಸಲ ಹೊಡೆದೆ. ಈ ಸಲ ಜೂನಿಯರ್ ಕೀಬೋರ್ಡನ್ನೇ ನೋಡುತ್ತಿದ್ದಳು. ಅವ್ವನ ಮಾತು ಅವಳಿಗೂ ತಿಳಿಯಿತು. ಅವಳು ನನ್ನ ಜಡೆಯನ್ನೊಮ್ಮೆ ನೋಡಿದಳು.

ಪೆಟ್ಟಿಗೆ ತೆರೆಯಲಿಲ್ಲ. ಒಂದೊಂದು ವರ್ಷನ್ನಿನಲ್ಲಿ ಒತ್ತಕ್ಷರಗಳ ಚಿಹ್ನೆ ಒಂದೊಂದು ರೀತಿ ಬದಲಾಗಿರುತ್ತದೆ, ನಮ್ಮದು ಇವೆರಡೂ ಅಲ್ಲ ಎಂದಳು. ಅವ್ವನ ಮಾತಿನ ತುಂಬ ಒತ್ತಕ್ಷರಗಳೇ.

ವಿಚಾರಣೆಗೆ ಆರು ದಿನ ಉಳಿದಾಗ ಬಾಗಲಕೋಟೆಗೆ ಹೋದೆವು. ಮಹಡಿಯ ಮೇಲೆ ಡೇಟಾ ರಿಕವರಿ ಮಾಡುವ ಒಂದು ಅಂಗಡಿ. ನಮ್ಮ ಕಕ್ಷಿದಾರಳೂ ಬೇವೂರಿನಿಂದ ಅಲ್ಲಿಗೇ ಬಂದಳು. ಅಂಗಡಿಯವರು ಬುದ್ಧಿವಂತರು, ಜೂನಿಯರ್ ಎರಡು ಮಾತು ಹೇಳುವಷ್ಟರಲ್ಲಿ ಅರ್ಥ ಮಾಡಿಕೊಂಡರು.

"ಆಗೂ ಕೆಲಸ ಐತ್ರಿ. ನೀವು ಡಿಸ್ಕ್ ಬಿಟ್ಟು ಹೋಗ್ರಿ, ಆ ಮಾತು ಒಂದ್ ಚೀಟಿಯಾಗ ಬರದ ಕೊಡ್ರಿ. ನನ್ನ ಕಡೆ ಹಳೇ ವರ್ಷನ್ ಭಾಳ ಅದಾವ. ಒಂದೊಂದ ಹಚ್ಚಿ ನೋಡ್ತೀನಿ. ನಾಕೈದು ದಿನ."

"ನೀವು ಮಾಡೂ ಮುಂದ ನಾವು ಬಾಜೂಕ ಕೂತಿರ್ತೇವಿ" ಎಂದೆ.

ಅವರು ನಕ್ಕರು. "ನಾಕ್ ದಿನಾನೂ ಕೂಡ್ತೀರೇನ್ರಿ ಅಮ್ಮಾರ? ನಾನೂ ಕೂಡಂಗಿಲ್ಲ. ಹಚ್ಚಿ ಬಿಟ್ಟಿರ್ತೀನಿ, ಅದು ತನ್ನಷ್ಟಕ್ಕ ನಡೀತಿರತೈತಿ."

ಅವರ ಕೌಂಟರಿನ ಮೇಲಿನ ಇನ್ನೊಂದು ಪರದೆಯಲ್ಲಿ ಯಾರದೋ ಫೋನಿನ ಫೋಟೋಗಳು ಒಂದೊಂದಾಗಿ ಬದುಕಿ ಬರುತ್ತಿದ್ದವು. ಒಂದು ಸೀಮಂತ. ಒಂದು ಎಕ್ಸ್‌ರೇ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಒಬ್ಬ ಹೆಂಗಸು, ಸೆರಗು ಸರಿಯಿಲ್ಲ. ಚಾರ್ಜರ್ ಕೊಳ್ಳಲು ಬಂದಿದ್ದ ಇಬ್ಬರು ನಿಂತು ನೋಡುತ್ತಿದ್ದರು; ಕೆಟ್ಟ ಮನಸ್ಸಿನಿಂದಲ್ಲ, ಬಸ್‌ಸ್ಟ್ಯಾಂಡಿನ ಟಿವಿ ನೋಡುವಂತೆ. ಅಂಗಡಿಯವರಿಗೆ ಅದು ಕಾಣುತ್ತಲೇ ಇರಲಿಲ್ಲ.

ನಾನು ಡಿಸ್ಕನ್ನು ಮತ್ತೆ ಕೈಚೀಲದಲ್ಲಿ ಹಾಕಿದೆ.

ಮೆಟ್ಟಿಲಿನ ಮೇಲೆ ಕಕ್ಷಿದಾರಳು ನನ್ನ ಕೈ ಹಿಡಿದಳು. "ಬಾಯಾರ, ಬಿಟ್ಟು ಬರ್ರಿ. ನಂದು ಯಾರರ ಕೇಳವಲ್ರ್ಯಾಕ. ಊರಾಗ ಮೈಕ್ ಹಚ್ಚಿ ಕೇಳಿಸಲಿ. ನನಗ ಮಗಳು ಬೇಕ್ರಿ."

"ಅದ್ರಾಗ ನಿಂದೊಂದ ಇಲ್ಲ ತಂಗಿ. ನಿನ್ನಂಥೋರ್ದು ಇನ್ನೂ ನಲವತ್ತು ಅದಾವ. ಅವರನ್ನ ನಾ ಹ್ಯಾಂಗ ಕೇಳಲಿ? ಒಬ್ಬಾಕಿದು ತೆಗೀಬೇಕಾದ್ರ ಎಲ್ಲಾರದೂ ತೆರೀತೈತಿ."

"ಅವರ ಮಕ್ಕಳು ಅವರ ಕಡೆ ಅದಾವೇನ್ರಿ?"

ಕೆಲವರ ಮಕ್ಕಳು ಅವರ ಬಳಿಯೇ ಇದ್ದರು, ಅದಕ್ಕೇ ಆ ಗುಟ್ಟುಗಳು ಮುಚ್ಚಿರಬೇಕಿತ್ತು. ಒಬ್ಬಳು ಯಾವ ಊರಿನಲ್ಲಿದ್ದಾಳೆ ಎನ್ನುವುದೇ ಗುಟ್ಟು; ಆ ಊರಿನ ಹೆಸರು ಪೆಟ್ಟಿಗೆಯಲ್ಲಿತ್ತು. ಕ್ಯಾರಿಬ್ಯಾಗಿನಲ್ಲಿ ಕಾಗದ ತುಂಬಿಕೊಂಡು ಹೋದವಳ ಮುಖ ನನ್ನ ಕಣ್ಣ ಮುಂದಿತ್ತು. ಇದನ್ನೆಲ್ಲ ಮೆಟ್ಟಿಲಿನ ಮೇಲೆ ನಿಂತು ಹೇಳಲಾಗುತ್ತಿರಲಿಲ್ಲ. ಅವಳು ಕೈ ಬಿಟ್ಟಳು. ನವನಗರದ ಬಸ್‌ಸ್ಟಾಪಿನ ತನಕ ನಾವು ಮೂವರೂ ನಡೆದೆವು, ದಾರಿಯಲ್ಲಿ ಜೂನಿಯರ್, "ಮೇಡಂ, ನೀವ ಕೇಳೀರಲ್ಲ, ನೀವ ಸಾಕ್ಷಿ ಹೇಳಿದ್ರ?" ಎಂದಳು. ವಕಾಲತ್ತು ಬಿಟ್ಟು ಸಾಕ್ಷಿಯ ಕಟಕಟೆ ಹತ್ತಿದರೂ ನಾನು ಹೇಳಬಹುದಾದದ್ದು ಇಷ್ಟೇ: ಒಂದು ರಿಕಾರ್ಡಿಂಗ್ ಇತ್ತು, ನಾನು ಕೇಳಿದ್ದೆ, ಈಗ ಇಲ್ಲ. ಎದುರಿನ ವಕೀಲೆಯಾಗಿದ್ದರೆ ಅದನ್ನು ನಾನು ಐದು ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ವಿಚಾರಣೆಯ ದಿನ ನಡೆದದ್ದನ್ನು ಇದ್ದಂತೆ ಹೇಳಿದೆ. ಸಾಕ್ಷ್ಯ ನನ್ನ ಬಳಿ ಇದೆ, ಬೀಗದೊಳಗಿದೆ, ಬೀಗ ಹಾಕಿದ್ದು ನಾನು, ತೆಗೆಯಲಾರದವಳೂ ನಾನು. ಸರ್ಟಿಫಿಕೇಟು ಕೊಟ್ಟೆ. ಎದುರಿನ ವಕೀಲರು ಎದ್ದು ನಿಂತರು. ನನಗಿಂತ ಬಹಳ ಚಿಕ್ಕವರು, ಎಂದೂ ಮರ್ಯಾದೆ ತಪ್ಪಿದವರಲ್ಲ.

"ಅಕ್ಕಾರು ಹೆಬ್ಬೆಟ್ಟ ತಂದಾರ್ರಿ ಸ್ವಾಮಿ, ಮನಷ್ಯಾನ ಮನಿಯಾಗ ಬಿಟ್ಟು ಬಂದಾರ" ಎಂದರು. ಕೋರ್ಟು ಹಾಲಿನಲ್ಲಿ ನಗೆ. ನ್ಯಾಯಾಧೀಶರು ನಗಲಿಲ್ಲ. ಅರವತ್ನಾಲ್ಕು ಅಕ್ಷರಗಳ ಮೇಲೆ ಪೆನ್ನಿನ ತುದಿ ಆಡಿಸುತ್ತ, "ಮೂಲ ಫೋನು?" ಎಂದು ಕೇಳಿದರು.

"ಅಳಿಸಿದೆ. ನನ್ನ ಸಲಹೆಯಂತೆ."

"ಯೂ ಅಡ್ವೈಸ್ಡ್ ಇಟ್, ಮೇಡಂ?"

"ಐ ಡಿಡ್, ಸರ್."

ಫೋನನ್ನು ಪರೀಕ್ಷೆಗೆ ಕಳಿಸಲು ಕೇಳಿಕೊಂಡೆ. ಫೋನು ಅವಳ ಬಳಿ ಇರಲಿಲ್ಲ, ಮನೆಯಿಂದ ಹೊರಹಾಕಿದ ದಿನ ಮೈದುನ ಕಸಿದುಕೊಂಡಿದ್ದ, ಗಂಡನ ಕಡೆಯವರು ಅಂಥ ಫೋನನ್ನು ಕಂಡೇ ಇಲ್ಲವೆಂದರು. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು ಮಾತಾಡಿಸಿದರು. ಸಂಜೆ ಆದೇಶ ಬಂತು: ಕೇಸು ಮುಗಿಯುವವರೆಗೆ ಮಗು ತಂದೆಯ ಬಳಿ, ತಾಯಿಗೆ ತಿಂಗಳಲ್ಲಿ ಎರಡು ಶನಿವಾರ, ಎರಡೆರಡು ತಾಸು, ಕೋರ್ಟಿನ ಮಕ್ಕಳ ಕೋಣೆಯಲ್ಲಿ.

ಮೂರು ತಿಂಗಳ ಮೇಲೆ ಬಾಗಲಕೋಟೆಯಲ್ಲಿ ವಕೀಲರಿಗೆ ಸೈಬರ್ ಸುರಕ್ಷತೆಯ ಒಂದು ತರಬೇತಿ ಇಟ್ಟಿದ್ದರು. ಹೋದೆ. ಪಾಠ ಹೇಳಲು ಬಂದಿದ್ದ ಹುಡುಗಿಗೆ ಊಟದ ಹೊತ್ತಿನಲ್ಲಿ, ಹೆಸರು ಹೇಳದೆ, ಎಲ್ಲ ಹೇಳಿದೆ. ಅವಳು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಕೇಳಿದಳು.

"ಇಡೀ ಡಿಸ್ಕ್ ಯಾಕ್ ಮೇಡಂ? ಪಾಸ್‌ವರ್ಡ್ ಹುಡುಕೋಕೆ ಆ ಫೈಲಿನ ಮೊದಲಿನ ಒಂಚೂರು ಕೊಟ್ರೆ ಸಾಕಿತ್ತು. ಹೆಡರ್ ಅಂತಾರೆ. ಬೀಗ ಮಾತ್ರ ಕೊಟ್ಟ ಹಾಗೆ, ಪೆಟ್ಟಿಗೆ ನಿಮ್ಮ ಹತ್ರಾನೇ ಇರುತ್ತೆ. ಅವರಿಗೆ ಒಳಗಿನ ಒಂದು ಅಕ್ಷರಾನೂ ಕಾಣೋದಿಲ್ಲ."

"ಸಾಕಿತ್ತಾ?"

"ಆಫ್‌ಕೋರ್ಸ್, ಮೇಡಂ."

ನಾನು ನೀರು ಕುಡಿದೆ. ಮುಚ್ಚಿಡುವುದಕ್ಕೆ ಎಷ್ಟು ಬೇಕೋ ಅಷ್ಟು ಕಲಿತಿದ್ದೆ, ತೆಗೆಯುವುದಕ್ಕೆ ಬೇಕಾದಷ್ಟು ಕಲಿತಿರಲಿಲ್ಲ. ಆ ಮೆಟ್ಟಿಲಿನ ಮೇಲೆ ನಲವತ್ತು ಜನ ಒಂದು ಕಡೆ, ಒಬ್ಬಳು ಒಂದು ಕಡೆ ಎಂದು ತೂಗಿದ್ದೆನಲ್ಲ. ತೂಗುವ ಅಗತ್ಯವೇ ಇರಲಿಲ್ಲ. ಮರುವಾರ ಜೂನಿಯರ್ ಆ ಒಂಚೂರನ್ನು ಮಾತ್ರ ಕತ್ತರಿಸಿ ತೆಗೆದು, ಅವ್ವನ ಮಾತಿನ ಚೀಟಿಯ ಜೊತೆ ಅದೇ ಮಹಡಿಯ ಅಂಗಡಿಗೆ ಒಯ್ದಳು. ಅವರು ತಮ್ಮ ಬಳಿ ಇದ್ದ ವರ್ಷನ್ನುಗಳನ್ನೆಲ್ಲ ಹಚ್ಚಿ ನೋಡಿದರು, ಒಂದು ತಿಂಗಳು. ಯಾವುದೂ ನಮ್ಮದಲ್ಲ. ಅಂದು ಡಿಸ್ಕನ್ನು ಅಲ್ಲಿ ಐದು ದಿನ ಬಿಟ್ಟಿದ್ದರೂ ಆಗುತ್ತಿರಲಿಲ್ಲ ಎಂದು ಇದರಿಂದ ಸಮಾಧಾನ ಪಟ್ಟುಕೊಳ್ಳಬಹುದು. ನಾನು ಪ್ರಯತ್ನಿಸಿ ನೋಡಿದೆ, ಬರಲಿಲ್ಲ.

ಕಳೆದ ಶನಿವಾರ ಇಳಕಲ್ಲಿನವಳಿಗೆ ಮಗಳ ಭೇಟಿ ಇತ್ತು. ನನಗೆ ಅಲ್ಲಿಯೇ ಬೇರೆ ಕೆಲಸವಿದ್ದುದರಿಂದ ಮಕ್ಕಳ ಕೋಣೆಯ ತೆರೆದ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಗಳು ಶಾಲೆಯ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆ ಕೂತಿದ್ದಳು. ತಾಯಿ ಚಕ್ಕುಲಿ ತಂದಿದ್ದಳು, ಹೊಸ ಫ್ರಾಕು ತಂದಿದ್ದಳು. ಮಗಳು ಬಾಗಿಲ ಬಳಿ ನಿಂತ ಹೆಣ್ಣು ಪೊಲೀಸನ್ನು ಎರಡು ಸಲ ಟೈಮು ಕೇಳಿದಳು.

ಎರಡು ತಾಸು ಮುಗಿದ ಮೇಲೆ ತಾಯಿ ಬಂದು ನನ್ನ ಪಕ್ಕ ಕೂತಳು. ಚಕ್ಕುಲಿಯ ಡಬ್ಬಿ ಹಾಗೆಯೇ ಇತ್ತು.

"'ನೀ ಯಾಕ ನನ್ನ ಬಿಟ್ಟು ಹೋದಿ' ಅಂತ ಕೇಳಿದ್ಲ್ರಿ. 'ನಾ ಹೋಗ್ಲಿಲ್ಲವ್ವಾ, ಅವರ ಹೊರಗ ಹಾಕಿದ್ರು' ಅಂದ್ನಿ. 'ಸುಳ್ಳ' ಅಂದ್ಲು."

ಮುಖ್ಯ ವಿಚಾರಣೆ ಇನ್ನೂ ಇದೆ, ಸಾಕ್ಷಿಗಳಿದ್ದಾರೆ ಎಂದೇನೋ ಅಂದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಬಾಯಾರ, ನನಗೂ ಒಮ್ಮೊಮ್ಮೆ ಹಂಗ ಅನಸಾಕತ್ತೇತ್ರಿ. ನಾನ ಬಿಟ್ಟು ಬಂದ್ನೇನೋ. ಎಲ್ಲಾರೂ ಅದನ್ನ ಅಂತಾರ. ಬೇವೂರಾಗ ನಮ್ಮಣ್ಣನ ಹೆಂಡ್ತಿ ವೈನಿನೂ ಅಂತಾಳ." ನನ್ನತ್ತ ತಿರುಗಿದಳು. "ಆ ರಿಕಾರ್ಡಿಂಗ್ ಕೇಳಿದಾಕಿ ನೀವೊಬ್ಬಾಕಿ ಅದೀರಿ. ಆಂವ ಏನಂದಿದ್ದ? ಆಂವ ಅಂದಂಗ ಹೇಳ್ರಿ."

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದೆ. ಅವನ ಮಾತಿನ ವೇಗದಲ್ಲೇ, ಅವನು ನಡುವೆ ಮಗಳಿಗೆ ಓಗೊಟ್ಟದ್ದನ್ನೂ ಸೇರಿಸಿ.

"ಹುಡಿಗಿನ ಇಲ್ಲೇ ಬಿಟ್ಟು ನೀ ನಡಿ. ಬಂದ್ನವ್ವಾ! ತಾನ ಬಿಟ್ಟು ಹೋದ್ಲು ಅಂತ ನಾವ ಊರಿಗೆ ಹೇಳ್ತೀವಿ. ನಿನ್ನ ಯಾರು ನಂಬ್ತಾರ?"

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಖ ಸಡಿಲವಾಯಿತು.

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ.

ಅವಳು ಕಣ್ಣು ತೆರೆದಳು. "ಮೊದಲ 'ಯಾರು ನಂಬ್ತಾರ' ಅಂದ್ರಿ. ಈಗ 'ಯಾರು ಕೇಳ್ತಾರ' ಅಂದ್ರಿ. ಯಾವ್ದ್ರಿ ಖರೆ?"

ನಾನು ಬಾಯಿ ತೆರೆದೆ. ಎರಡೂ ಅವನ ದನಿಯಲ್ಲೇ ಕೇಳುತ್ತಿದ್ದವು. ಅವಳು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡು, ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.